ನಮ್ಮ ಹಾಡು, ಕೆಳಗಿನ ಮನೆಯ ದಬ್ ದಬ್

ಇವತ್ತು ಅಪಾರ್ಟ್‌ಮೆಂಟಲ್ಲಿ ಸ್ಟೀರಿಯೋ ಕೇಳೋ ವಿಷಯ.

ಹೋದ ವರ್ಷ ದುಡ್ಡು ಕೂಡಿಟ್ಟು ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್, ಎರಡು ಸ್ಪೀಕರ್, ಒಂದು ಸಬ್‌ವೂಫರ್ ತಗೊಂಡೆ. ಮೂರನೇ ರಾತ್ರಿನೇ ಕೆಳಗಿನ ಮನೆ ಆಂಟಿ ಬಂದ್ರು. "ಸ್ವಲ್ಪ ಕಮ್ಮಿ ಮಾಡಪ್ಪಾ, ಮೊಮ್ಮಗು ಮಲಗ್ತಿಲ್ಲ." ಕಮ್ಮಿನೇ ಇದೆಯಲ್ಲಾ ಆಂಟಿ, ಅಂದೆ. ಜಗಳ ಆಡ್ಲಿಲ್ಲ ಅವರು. "ಒಂದ್ನಿಮಿಷ ಕೆಳಗೆ ಬಂದು ಕೇಳು" ಅಂದ್ರು.

ಹಾಡು ಹಾಗೇ ಬಿಟ್ಟು ಹೋದೆ. ಅವರ ಬೆಡ್‌ರೂಮಲ್ಲಿ ಹಾಡಿನ ಒಂದು ಪದವೂ ಕೇಳಿಸ್ಲಿಲ್ಲ. ಸೀಲಿಂಗ್‌ನಿಂದ ಬರೀ ದಬ್, ದಬ್, ದಬ್. ಮಗು ಅಮ್ಮನ ಭುಜದ ಮೇಲೆ ಕಣ್ಣು ಬಿಟ್ಕೊಂಡು ಕೂತಿತ್ತು. ನನಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ.

ಆಗಿದ್ದೇನಂದ್ರೆ, ಹಾಡೋ ದನಿಯನ್ನ ಕಾಂಕ್ರೀಟ್ ಚೆನ್ನಾಗಿ ತಡೆಯುತ್ತೆ, ಬೇಸನ್ನ ಅಷ್ಟಾಗಿ ತಡೆಯಲ್ಲ. ಅದರ ಮೇಲೆ ವೂಫರ್ ನೆಲದ ಮೇಲಿತ್ತು, ಅದೂ ಮೂಲೆಯಲ್ಲಿ. ಮೂಲೆಯಲ್ಲಿಟ್ರೆ ಬೇಸ್ ಇನ್ನೂ ಜಾಸ್ತಿ. ನನ್ನ ನೆಲ ಅಂದ್ರೆ ಅವರ ಸೀಲಿಂಗ್ ತಾನೇ?

ಕಾನೂನಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ. ಆದ್ರೆ ಆ ಅಳತೆ ಬೇಸನ್ನ ಕಮ್ಮಿ ಲೆಕ್ಕ ಹಿಡಿಯುತ್ತೆ. ನಾನು ಬಿಕಾಂ ಓದಿದವನು, ನನ್ನ ಭಾಷೇಲಿ ಹೇಳ್ಬೇಕಂದ್ರೆ ಆಡಿಟ್ ಪಾಸ್ ಆಗುತ್ತೆ, ನಷ್ಟ ಮಾತ್ರ ಹಾಗೇ ಇರುತ್ತೆ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸು ಅಂದ್ರು ಫ್ರೆಂಡ್ಸ್. ಅದರಿಂದ ಬೇಸ್ ನಿಲ್ಲಲ್ಲ, ಧೂಳು ಕೂರುತ್ತೆ ಅಷ್ಟೆ. ವೂಫರ್‌ನ ಮೂಲೆಯಿಂದ ತೆಗೆದು ದಪ್ಪ ರಬ್ಬರ್ ಮೇಲಿಟ್ಟೆ. ನೆಲದ ಅದುರು ಸ್ವಲ್ಪ ಇಳೀತು. ನಿಜವಾಗಿ ಕೆಲಸ ಮಾಡಿದ್ದು ಸ್ಪೀಕರ್‌ಗಳನ್ನ ಹತ್ರ ತಂದಿದ್ದು. ಮೂರು ಮೀಟರ್ ದೂರ ಇದ್ದಿದ್ದು ಒಂದೂವರೆ ಮೀಟರ್ ಆಯ್ತು. ಬಯಲಲ್ಲಾದ್ರೆ ಇದರಿಂದ 6 ಡೆಸಿಬೆಲ್ ಉಳಿಯುತ್ತೆ, ಅಂದ್ರೆ ಕಾಲು ಭಾಗ ಪವರ್ ಸಾಕು. ರೂಮಲ್ಲಿ ಲಾಭ ಸ್ವಲ್ಪ ಕಮ್ಮಿ, ಆದ್ರೂ ಗೊತ್ತಾಗುತ್ತೆ. ಹಾಂ, ಆಂಪ್ಲಿಫೈಯರಲ್ಲಿ 'ಲೌಡ್‌ನೆಸ್' ಬಟನ್ ಇದ್ರೆ ರಾತ್ರಿ ಆಫ್ ಮಾಡಿ. ಅದು ಬೇಸ್ ಏರಿಸೋದಕ್ಕೇ ಇರೋದು.

ಆಮೇಲೆ ಆಂಟಿ ಕೆಳಗೆ, ನಾನು ಮೇಲೆ, ಫೋನಲ್ಲಿ. "ಕೇಳ್ತಿದೆ... ಇನ್ನೂ ಕೇಳ್ತಿದೆ... ಹಾಂ, ಈಗಿಲ್ಲ." ಅಲ್ಲಿಗೆ ಗುರುತು ಹಾಕೋಣ ಅಂದ್ರೆ ಮನೇಲಿ ಏನೂ ಸಿಗ್ಲಿಲ್ಲ. ಆಂಟಿನೇ ಒಂದು ಸ್ಟಿಕ್ಕರ್ ಬಿಂದಿ ಕಳಿಸಿದ್ರು. ವಾಲ್ಯೂಮ್ ಬಟನ್ ಪಕ್ಕ ಇವತ್ತಿಗೂ ಇದೆ, ಕೆಂಪಗೆ. ರಾತ್ರಿ ಒಂಬತ್ತಾದ್ಮೇಲೆ ವೂಫರ್ ಆಫ್, ಬಿಂದಿ ದಾಟಲ್ಲ. ಜೋರಾಗಿ ಕೇಳ್ಬೇಕು ಅನ್ಸಿದ್ರೆ ಹೆಡ್‌ಫೋನ್.