ಗಾಡಿ ನಿಲ್ಲಿಸುವ ಬಾಡಿಗೆ ಯಾರ ಹೆಗಲಿಗೆ?

(ಶಿರಸಿಯಲ್ಲಿ ಗಿರಣಿ ಕಾಮಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರೇಶನ್, ಮನೆ ಬಾಡಿಗೆಯ ಮಾತು ಬಿಟ್ಟು ಮಾಸ್ತರು ಇವತ್ತು ಬೈಕು ನಿಲ್ಲಿಸುವ 10 ರೂಪಾಯಿಯ ಹಿಂದೆ ಬಿದ್ದರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಮೊದಲು ನನಗೂ ಇದು ಸಣ್ಣ ಮಾತೆಂದೇ ಅನಿಸಿತ್ತು. ನೆರೆಮನೆಯವರ ಜೊತೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಐದು ದಿನ ಕಳೆದ ಮೇಲೆ ಹಾಗೆ ಅನಿಸುವುದು ನಿಂತಿತು.

ನೆರೆಮನೆಯವರು ಸಾಮಿಲ್ಲಿನ ಕೆಲಸಗಾರರು. ಅವರ ಹೆಂಡತಿಗೆ ಹೊಟ್ಟೆಯ ಆಪರೇಶನ್ ಆಗಬೇಕಿತ್ತು. ಕಾಯಿಲೆ ತುಸು ಬಲಿತರೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಘಟ್ಟವನ್ನೋ ಬಯಲನ್ನೋ ದಾಟಿ ಹುಬ್ಬಳ್ಳಿ, ಮಣಿಪಾಲ, ಶಿವಮೊಗ್ಗ ಎಂದು ಓಡುವವರೇ ಅಲ್ಲವೇ? ಆ ಊರಿನಲ್ಲಿದ್ದ ಅವರ ಭಾವಮೈದುನ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಊಟ, ರಾತ್ರಿ ಊಟ ಎಂದು ಬೈಕಿನ ಮೇಲೆ ಡಬ್ಬಿ ತರುತ್ತಿದ್ದ. ಪ್ರತಿ ಸಲವೂ ಗೇಟಿನಲ್ಲಿ 20 ರೂಪಾಯಿಯ ಚೀಟಿ. ಬೆಳಗಿನ ಚೀಟಿ ಮಧ್ಯಾಹ್ನ ನಡೆಯದು. ದಿನಕ್ಕೆ 60, ಐದು ದಿನಕ್ಕೆ 300 ರೂಪಾಯಿ. ಹೆಲ್ಮೆಟ್ ಇಟ್ಟರೆ ಅದಕ್ಕೆ ಬೇರೆ 5. ಚೀಟಿಯ ಮೇಲೆ ದರ ಇರಲಿಲ್ಲ, ದರದ ಫಲಕವೂ ಇರಲಿಲ್ಲ. ಕೇಳಿದರೆ, "ಟೆಂಡರು ಹಿಡಿದವರನ್ನು ಕೇಳಿ" ಎಂಬ ಉತ್ತರ. ಆ ಟೆಂಡರಿನ ಪುಣ್ಯಾತ್ಮರ ಮುಖ ಮಾತ್ರ ನಾವು ಕಾಣಲಿಲ್ಲ. ಊರಿಗೆ ಮರಳುವಾಗ ನೆರೆಮನೆಯವರು ಬಸ್ಸಿನಲ್ಲಿ ಹೇಳಿದರು: "ಮಾಸ್ತರೇ, ಔಷಧಕ್ಕೆ ಮಾಡಿದ ಸಾಲ ಬರೆದು ಇಟ್ಟಿದ್ದೇನೆ. ಇದನ್ನು ಯಾವ ಲೆಕ್ಕದಲ್ಲಿ ಬರೆಯಲಿ?"

ಅದೇ ಗೇಟಿನಲ್ಲಿ ಕಾರಿಗೆ 40 ರೂಪಾಯಿ. ಕಾರಿನವರು ಇಮ್ಮಡಿ ಕೊಡುತ್ತಾರೆ, ನ್ಯಾಯವೇ ಇದೆ ಎಂದು ಮೇಲುನೋಟಕ್ಕೆ ತೋರುತ್ತದೆ. ಇಲ್ಲೇ ಮೋಸವಿರುವುದು. ಒಂದು ಕಾರು ನಿಲ್ಲಲು ಇಂಜಿನಿಯರರು ಹಿಡಿಯುವ ಲೆಕ್ಕ ಸುಮಾರು 2.5 ಮೀಟರು ಅಗಲ, 5 ಮೀಟರು ಉದ್ದ, ಅಂದರೆ 12.5 ಚದರ ಮೀಟರು. ಬೈಕಿಗೆ 2 ಚದರ ಮೀಟರು ಸಾಕು. ಒಂದು ಕಾರಿನ ಜಾಗದಲ್ಲಿ ಆರು ಬೈಕು ನಿಲ್ಲುತ್ತವೆ. ಆರು ಕೆಲಸಗಾರರು ಕೂಡಿ 120 ರೂಪಾಯಿ ಕೊಡುವ ನೆಲಕ್ಕೆ ಕಾರಿನ ಯಜಮಾನರು 40 ಕೊಟ್ಟು ಹೋಗುತ್ತಾರೆ!

ಇದು ಒಂದು ಗೇಟಿನ ಕತೆಯಲ್ಲ. ಬೆಂಗಳೂರಿನಲ್ಲಿ ಕಸ್ತೂರಬಾ ರಸ್ತೆ ಮೊದಲಾದ ಕಡೆ 2020ರ ಸುಮಾರಿಗೆ ಸ್ಮಾರ್ಟ್ ಪಾರ್ಕಿಂಗ್ ಎಂಬ ಏರ್ಪಾಟು ಬಂತು. ಮೇಲ್ದರ್ಜೆಯ ರಸ್ತೆಗಳಲ್ಲಿ ಗೊತ್ತು ಮಾಡಿದ ದರ ಕಾರಿಗೆ ಗಂಟೆಗೆ 30 ರೂಪಾಯಿ, ಬೈಕಿಗೆ 15. ನೆಲದ ಅಳತೆಯಿಂದ ಭಾಗಿಸಿ ನೋಡಿ. ಬೈಕಿನವನು ಚದರ ಮೀಟರಿಗೆ ಏಳೂವರೆ ರೂಪಾಯಿ ಕೊಟ್ಟ, ಕಾರಿನವನು ಎರಡೂವರೆಯನ್ನೂ ಕೊಡಲಿಲ್ಲ. ಐದನೆಯ ಇಯತ್ತೆಯ ಮಕ್ಕಳಿಗೆ ನಾನು ಕಲಿಸುತ್ತಿದ್ದ ಲೆಕ್ಕ ಇದು.

ಬಡವನಿಗೆ ಬೈಕು ಯಾಕೆ, ಬಸ್ಸಿನಲ್ಲಿ ಹೋಗಲಿ ಎನ್ನುವವರೂ ಇದ್ದಾರೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟು ಮಾಫಿಯಾಯಿತು, ಒಳ್ಳೆಯದೇ ಆಯಿತು. ಆದರೆ ಬಸ್ಸೇ ಬಾರದ ಊರಿನ ಹೆಂಗಸಿಗೆ ಮಾಫಿ ಟಿಕೆಟ್ಟಿನಿಂದ ಆಗುವುದೇನು? ಗಿರಣಿಯ ಪಾಳಿ ಮುಗಿಯುವ ಹೊತ್ತಿಗೆ ಕಾಡಿನ ನಡುವಿನ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಹೋಗಿ ಆಗಿರುತ್ತದೆ. ನಮ್ಮವರು ಕಂತಿನ ಮೇಲೆ ಬೈಕು ಕೊಂಡದ್ದು ಷೋಕಿಗಾಗಿ ಅಲ್ಲ.

ಹಾಗಾದರೆ ಎಲ್ಲರಿಗೂ ಎಲ್ಲ ಕಡೆಯೂ ಪುಕ್ಕಟೆ ನಿಲುಗಡೆ ಬೇಕೆಂದು ಘೋಷಣೆ ಕೂಗೋಣವೇ? ಕೂಗಿದರೆ ಚಪ್ಪಾಳೆ ಬೀಳುತ್ತದೆ ಎಂದು ಗೊತ್ತು. ಆದರೆ ನಾನು ಕೂಗಲಾರೆ, ಇದಕ್ಕೆ ನೀವು ಸಿಟ್ಟಾದರೂ ಸರಿ. ಎಂಟು ಕಾರು ನಿಂತರೆ ಒಂದು ಗುಂಟೆ ನೆಲ ತುಂಬುತ್ತದೆ. ಶಿವಾಜಿ ಚೌಕದಲ್ಲೋ ಸಿ.ಪಿ. ಬಜಾರದಲ್ಲೋ ಒಂದು ಗುಂಟೆಗೆ ಏನು ಬೆಲೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಂಥ ಸಾರ್ವಜನಿಕ ನೆಲವನ್ನು ಕಾರುಳ್ಳವರಿಗೆ ಬಿಟ್ಟುಕೊಟ್ಟು ಪುಕ್ಕಟೆ ಎಂದರೆ, ಅದರ ಬೆಲೆಯನ್ನು ಕಾರಿಲ್ಲದವರು ತೆರುತ್ತಾರೆ. ಅಮೆರಿಕದಲ್ಲಿ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು 2005ರಲ್ಲಿ ಈ ಪುಕ್ಕಟೆ ನಿಲುಗಡೆಯ ದುಬಾರಿತನದ ಮೇಲೆಯೇ ಒಂದು ದಪ್ಪ ಪುಸ್ತಕ ಬರೆದರು. ನಮ್ಮ ಸಂತೆಯಲ್ಲಿ ಅದನ್ನು ಕಾಣಲು ಪುಸ್ತಕ ಬೇಡ. ಬಸಳೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಗೇಣುದ್ದ ಜಾಗದಲ್ಲಿ ಕೂತ ಹೆಂಗಸು ಸಂತೆ ಸುಂಕ ಕೊಡುತ್ತಾಳೆ. ಅವಳ ಬೆನ್ನ ಹಿಂದೆ ಬೆಳಗಿನಿಂದ ನಿಂತ ಕಾರಿನಿಂದ ಒಂದು ಕಾಸೂ ಹುಟ್ಟುವುದಿಲ್ಲ. ವಾಹನಗಳಿಗೆ ದಾರಿ ಸಾಲದಾದಾಗ ಮೊದಲು ಏಳಿಸುವುದು ಯಾರನ್ನು? ಕಾರನ್ನಂತೂ ಅಲ್ಲ.

"ನಾವು ರೋಡ್ ಟ್ಯಾಕ್ಸ್ ಕಟ್ಟಿದ್ದೇವೆ" ಎನ್ನುತ್ತಾರೆ ಕಾರಿನವರು. ಕಟ್ಟಿದ್ದಾರೆ, ಸುಳ್ಳಲ್ಲ, ನಮ್ಮ ರಾಜ್ಯದಲ್ಲಿ ಆ ತೆರಿಗೆ ಹೆಚ್ಚೇ ಇದೆ. ಆದರೆ ಅದು ಹೋಗುವುದು ರಾಜ್ಯದ ಬೊಕ್ಕಸಕ್ಕೆ. ಓಡಾಡಲು ಕೊಟ್ಟ ತೆರಿಗೆಯಿಂದ ಪೇಟೆಯ ನೆಲ ದಿನವಿಡೀ ಸ್ವಂತವಾಗುವುದಿಲ್ಲ.

ಈಗ ವ್ಯಾಪಾರಿ ಬಂಧುಗಳಿಗೆ ಒಂದು ಕಹಿ ಮಾತು. ಜಗತ್ತಿನ ಮೊದಲ ಪಾರ್ಕಿಂಗ್ ಮೀಟರು ನೆಟ್ಟದ್ದು 1935ರ ಜುಲೈಯಲ್ಲಿ, ಅಮೆರಿಕದ ಒಕ್ಲಹೋಮಾ ನಗರದಲ್ಲಿ. ಗಂಟೆಗೆ ಐದು ಸೆಂಟು. ಯಾರು ಬೇಡಿದ್ದು? ಆ ಊರಿನ ವ್ಯಾಪಾರಿಗಳೇ. ಪೇಟೆಯಲ್ಲಿ ಕೆಲಸ ಮಾಡುವವರ ಗಾಡಿಗಳೇ ಬೆಳಗಿನಿಂದ ಸಂಜೆಯವರೆಗೆ ರಸ್ತೆಯನ್ನು ಹಿಡಿದು ನಿಂತು, ಗಿರಾಕಿಗೆ ಜಾಗವೇ ಸಿಗುತ್ತಿರಲಿಲ್ಲ. ನಮ್ಮಲ್ಲಿ ಬೇರೆಯೇ? ಬೆಳಿಗ್ಗೆ ಬಾಗಿಲು ತೆಗೆದ ಕೂಡಲೆ ಅಂಗಡಿಯ ಎದುರು ಮೊದಲು ನಿಲ್ಲುವ ಗಾಡಿ ಯಾರದು? ಯಜಮಾನರದು, ಅದರ ಪಕ್ಕದಲ್ಲಿ ಮಗನದು. ಆಮೇಲೆ ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಮುಂದೆ ಕೂತು, "ಜನ ಎಲ್ಲ ಮಾಲಿಗೆ ಹೋಗುತ್ತಾರೆ, ವ್ಯಾಪಾರ ಸತ್ತಿತು" ಎಂದು ನಿಟ್ಟುಸಿರು. ನಗಬೇಡಿ, ನಾನು ಕಣ್ಣಾರೆ ಕಂಡದ್ದು.

ಮಾಲಿನವರಿಗೂ ಲಗಾಮು ಹಾಕಲು ಬರುತ್ತದೆ. ತೆಲಂಗಾಣ ಸರ್ಕಾರ 2018ರಲ್ಲಿ ಮಾಲುಗಳಲ್ಲಿ ಮೊದಲ ಅರ್ಧ ಗಂಟೆ ಶುಲ್ಕ ತೆಗೆದುಕೊಳ್ಳಕೂಡದೆಂದು ಆಜ್ಞೆ ಮಾಡಿತು. ಮಾಲಿಗೆ ಆಗುವ ಮಾತು ಆಸ್ಪತ್ರೆಗೆ ಯಾಕೆ ಆಗಬಾರದು? ಮಾಲಿಗೆ ಹೋಗುವುದು ಇಷ್ಟಪಟ್ಟು, ಆಸ್ಪತ್ರೆಗೆ ಹೋಗುವುದು ಕಷ್ಟಪಟ್ಟು.

ಇನ್ನು ಗುತ್ತಿಗೆಯ ವಿಚಾರ. ಹೆಚ್ಚು ಹಣ ಕೂಗಿದವನಿಗೆ ನಿಲುಗಡೆಯ ಹರಾಜು ಹೋಗುತ್ತದೆ. ಕೂಗಿದ ಹಣವನ್ನು ಅವನು ವರ್ಷದೊಳಗೆ ನಿಮ್ಮಿಂದಲೇ ಎತ್ತಬೇಕು. ಆದ್ದರಿಂದ ಒಪ್ಪಂದದಲ್ಲಿ ಇಲ್ಲದ ಹೆಲ್ಮೆಟ್ ಶುಲ್ಕ ಹುಟ್ಟುತ್ತದೆ, ದರದ ಫಲಕ ಮಾಯವಾಗುತ್ತದೆ. ಗೇಟಿನಲ್ಲಿ ನಿಂತ ಹುಡುಗನ ಮೇಲೆ ರೇಗಿ ಫಲವಿಲ್ಲ, ಅವನೂ ದಿನಗೂಲಿಯವನೇ. ಕೇಳಬೇಕಾದ್ದು ಹರಾಜಿಗೆ ಸಹಿ ಹಾಕಿದ ಕಚೇರಿಯನ್ನು.

ಇವತ್ತಲ್ಲ ನಾಳೆ ನಮ್ಮ ಮೂರು ಊರುಗಳ ಎಲ್ಲ ಬೀದಿಗಳಲ್ಲೂ ಶುಲ್ಕದ ಮಾತು ಬಂದೇ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಗಾಡಿಗಳನ್ನು ದೂರ ನಿಲ್ಲಿಸಿ ಜನ ಬಿಡ್ಕಿಬೈಲಿಗೆ ನಡೆದು ಬರುತ್ತಾರೆ. ಯಾರೂ ಸಾಯುವುದಿಲ್ಲ, ವ್ಯಾಪಾರವೂ ಕೆಡುವುದಿಲ್ಲ. ಉಳಿದ ದಿನಗಳಿಗೆ ನಿಯಮ ಗೊತ್ತುಮಾಡುವ ಮೊದಲೇ ನಾವು ಬಾಯಿ ತೆರೆಯಬೇಕು. ದರ ನಿಲ್ಲುವ ನೆಲದ ಅಳತೆಗೆ ಸರಿಯಾಗಿರಲಿ: ಬೈಕಿಗೆ 5 ಆದರೆ ಕಾರಿಗೆ 30. ಸೈಕಲ್ಲಿಗೆ ಏನೂ ಬೇಡ. ಪಾಳಿಯ ಕೆಲಸಗಾರರಿಗೆ ತಿಂಗಳ ಪಾಸು ಇರಲಿ. ಆಸ್ಪತ್ರೆಯಲ್ಲಿ ಒಂದು ದಿನಕ್ಕೆ ಒಂದೇ ಚೀಟಿ, ರೋಗಿಯ ಕಡೆಯ ಒಂದು ಗಾಡಿಗೆ ಅದೂ ಬೇಡ. ಚೀಟಿಯ ಮೇಲೆ ದರ ಕನ್ನಡದಲ್ಲಿ ಅಚ್ಚಾಗಿರಲಿ. ಬಂದ ಹಣ ಕಾಲುದಾರಿಗೂ ಸಂತೆಯ ಮಾಡಿಗೂ ಖರ್ಚಾಗಲಿ. ನಿಲುಗಡೆಯ ನೆಪ ಹೇಳಿ ಬುಟ್ಟಿಯವರನ್ನು ಎಬ್ಬಿಸಬಾರದು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರ ಕೈಯಲ್ಲಿದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟು ಜಾಗ ಅವರಿಗೇ ಸಲ್ಲಬೇಕು.

ಶಿರಸಿ ನಗರಸಭೆಗೆ, ಸಿದ್ದಾಪುರ ಮತ್ತು ಯಲ್ಲಾಪುರ ಪಟ್ಟಣ ಪಂಚಾಯಿತಿಗಳಿಗೆ ಕೊಡುವ ಮೂರು ಅರ್ಜಿಗಳು ಆ ಮೇಜಿನ ಮೇಲಿವೆ. ನಿಮ್ಮ ಊರಿನ ಅರ್ಜಿಗೇ ಸಹಿ ಮಾಡಿ; ಹೆಬ್ಬೆಟ್ಟಿನವರಿಗೆ ಶಾಯಿಯೂ ಇದೆ. ನಿಮ್ಮ ಬಳಿ ನಿಲುಗಡೆಯ ಹಳೆಯ ಚೀಟಿಗಳಿದ್ದರೆ ತಂದು ಕೊಡಿ, ಅರ್ಜಿಗೆ ಲಗತ್ತಿಸೋಣ. ನೆರೆಮನೆಯವರ ಹದಿನೈದು ಚೀಟಿ ಆಗಲೇ ನನ್ನ ಜೇಬಿನಲ್ಲಿವೆ. ಮತ್ತೆ, ಈ ಸಭೆಯ ಎದುರಿನ ಕಿರಾಣಿ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ನಿಂತ ಹಳೆಯ ಬೈಕು ಯಾರದೆಂದು ಆಗಿನಿಂದ ಒಬ್ಬರು ಕೇಳುತ್ತಿದ್ದಾರೆ. ಅದು ನನ್ನದೇ, ಈಗ ಇಳಿದು ಬಂದು ತೆಗೆಯುತ್ತೇನೆ.