ಬೇಲೆಕೇರಿಯ ಅದಿರು, ಆಸ್ಟ್ರೇಲಿಯಾದ ಅದಿರು

ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿನಿಂದ 2010ರವರೆಗೆ ಏನು ಹೊರಗೆ ಹೋಗುತ್ತಿತ್ತು ಅಂತ ಅಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಕಬ್ಬಿಣದ ಅದಿರು. ಬಳ್ಳಾರಿ, ಹೊಸಪೇಟೆ ಕಡೆಯ ಲಾರಿಗಳು ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಸಾಲುಗಟ್ಟಿ ಬರುತ್ತಿದ್ದವು. ರಸ್ತೆ ಪಕ್ಕದ ಮರಗಿಡಗಳ ಮೇಲೆಲ್ಲ ಕೆಂಪು ಧೂಳು. ದಡಕ್ಕೆ ದೊಡ್ಡ ಹಡಗು ಬರುವಷ್ಟು ಆಳ ಇಲ್ಲದ್ದರಿಂದ ಬಾರ್ಜ್‌ಗೆ ತುಂಬಿ, ದೂರದಲ್ಲಿ ಲಂಗರು ಹಾಕಿದ ಹಡಗಿಗೆ ಒಯ್ಯುತ್ತಿದ್ದರು. ಹೆಚ್ಚಿನದೆಲ್ಲ ಚೀನಾಕ್ಕೆ.

ಆಗ ಚೀನಾಕ್ಕೆ ಅದಿರು ಮಾರುತ್ತಿದ್ದ ಇನ್ನೊಂದು ದೇಶ ಆಸ್ಟ್ರೇಲಿಯಾ. ಭಾರತ ಮತ್ತು ಆಸ್ಟ್ರೇಲಿಯಾದ ರಫ್ತನ್ನು ಪಕ್ಕಪಕ್ಕ ಇಟ್ಟು ನೋಡೋಣ. 1950ರ ಸುಮಾರಿಗೆ ಎರಡೂ ಕೆಲವೇ ಸರಕು ನಂಬಿಕೊಂಡಿದ್ದವು. ನಮ್ಮದು ಚಹಾ, ಸೆಣಬು, ಹತ್ತಿ ಬಟ್ಟೆ. ಅವರದು ಮುಖ್ಯವಾಗಿ ಉಣ್ಣೆ. ಅದಿರು ತಮಗೇ ಸಾಲದೆಂದು ಆಸ್ಟ್ರೇಲಿಯಾ 1938ರಲ್ಲಿ ಅದರ ರಫ್ತನ್ನೇ ನಿಷೇಧಿಸಿತ್ತು, 1960ರಲ್ಲಿ ಸಡಿಲಿಸಿತು. ಆಮೇಲೆ ಅಲ್ಲಿನ ಪಿಲ್ಬರಾ ಪ್ರದೇಶದ ಗಣಿಗಳು ಬೆಳೆದವು. ಇವತ್ತು ಉಣ್ಣೆಯ ಜಾಗದಲ್ಲಿ ಅದಿರು ಕೂತಿದೆ. ಭಾರತ ಮಾತ್ರ ಯಂತ್ರೋಪಕರಣ, ಔಷಧಿ, ಸಂಸ್ಕರಿಸಿದ ತೈಲ, ಈಚೆಗೆ ಮೊಬೈಲ್ ಫೋನ್ ಅಂತ ಹರಡಿಕೊಂಡಿತು.

ರಫ್ತು ಎಷ್ಟು ಹರಡಿದೆ ಎಂದು ಅಳೆಯುವ ಲೆಕ್ಕ ಸುಲಭ. ಒಟ್ಟು ರಫ್ತಿನಲ್ಲಿ ಪ್ರತಿ ಸರಕಿನ ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸಿ. ಹತ್ತು ಸರಕು ಸಮಪಾಲಾಗಿದ್ದರೆ 0.1 ಬರುತ್ತದೆ. ಒಂದೇ ಸರಕಾದರೆ 1. ಇದಕ್ಕೆ ಹರ್ಫಿಂಡಾಲ್ ಸೂಚ್ಯಂಕ ಅನ್ನುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ರಫ್ತು ಹರಡಿದೆ ಎಂದರ್ಥ. ಹಾಗಂತ ಹರಡಿಕೊಂಡವರೆಲ್ಲ ಶ್ರೀಮಂತರಲ್ಲ. ಆಸ್ಟ್ರೇಲಿಯಾದ ತಲಾ ಆದಾಯ ನಮಗಿಂತ ಎಷ್ಟೋ ಪಟ್ಟು ಹೆಚ್ಚು.

ನನ್ನನ್ನು ಕಾಡುವುದು ಬೇರೆ ವಿಷಯ. ಈ ಲೆಕ್ಕವನ್ನು ದೇಶಕ್ಕೆ ಹಾಕುತ್ತಾರೆ, ಬಂದರಿಗೆ ಹಾಕುವುದಿಲ್ಲ. ಒಂದೆರಡು ಸರಕನ್ನೇ ನಂಬಿದ ಬಂದರು ಏನಾಗುತ್ತದೆ ಎಂಬುದಕ್ಕೆ ನೆರೆಯ ಕಾರವಾರದ ಚರಿತ್ರೆ ನೋಡಿ. 1638ರ ಹೊತ್ತಿಗೆ ಇಂಗ್ಲಿಷರು ಇಲ್ಲಿ ಕೋಠಿ ತೆರೆದದ್ದು ಕಾಳುಮೆಣಸು ಮತ್ತು ಒಳನಾಡಿನ ಬಟ್ಟೆಗಾಗಿ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿ ಸಾಗಿಸಲು ಕಾರವಾರ ಬೇಕಾಯಿತು. ರೈಲು ಗೋವಾದ ಮುರಗಾಂವ್ ಬಂದರಿಗೆ ಹೋದದ್ದೇ ತಡ, ಸರಕೂ ಆ ಕಡೆ ತಿರುಗಿತು.

ಬೇಲೆಕೇರಿಯಲ್ಲೂ ಆದದ್ದು ಅದೇ, ಇನ್ನೂ ಕೆಟ್ಟದಾಗಿ. 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಅಕ್ರಮವೆಂದು ಜಪ್ತಿ ಮಾಡಿದ್ದ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಬಂದರಿನಿಂದಲೇ ಕಾಣೆಯಾಯಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಕಡೆಯ ಗಣಿಗಾರಿಕೆಯನ್ನೇ ತಡೆಯಿತು. ಲೂಟಿ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೇಶದ ರಫ್ತು ಅದರಿಂದ ಕುಸಿಯಲಿಲ್ಲ. ಕುಸಿದದ್ದು ಲಾರಿ ಸಾಲ ಮಾಡಿದವರು, ಬಾರ್ಜ್ ಕೆಲಸದವರು, ಹೆದ್ದಾರಿ ಬದಿಯ ಖಾನಾವಳಿಯವರು.

ಈಗ ಅಂಕೋಲಾದ ಕೇಣಿಯಲ್ಲಿ ಹೊಸ ಬಂದರಿನ ಯೋಜನೆ ಇದೆ. 2023ರಲ್ಲಿ ಅದು ಜೆಎಸ್‌ಡಬ್ಲ್ಯೂ ಕಂಪನಿಯ ಪಾಲಾಯಿತು. ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಮೀನುಗಾರರು ವಿರೋಧಿಸುತ್ತಿದ್ದಾರೆ. ಅದೇ 2023ರಲ್ಲಿ ಅಂಕೋಲಾದ ಕರಿ ಇಶಾಡ ಮಾವಿಗೆ ಭೌಗೋಳಿಕ ಗುರುತು ಸಿಕ್ಕಿತು. ಆ ಹಣ್ಣನ್ನೋ ಇಲ್ಲಿನ ಮೀನನ್ನೋ ಕೆಡದಂತೆ ಹೊರಗೆ ಕಳಿಸುವ ಶೀತಲಗೃಹದ ಮಾತನ್ನು ಬಂದರಿನ ಚರ್ಚೆಯಲ್ಲಿ ನಾನು ಕೇಳಿದ್ದು ಬಹಳ ಕಡಿಮೆ. ಅಂಕೋಲಾ, ಕಾರವಾರದವರಲ್ಲಿ ನನ್ನದೊಂದು ವಿನಂತಿ: ಬಂದರಿನ ಸಭೆಗೆ ಹೋದಾಗ ಎಷ್ಟು ಟನ್ ಅಂತ ಮಾತ್ರ ಕೇಳಬೇಡಿ. ಎಷ್ಟು ಬಗೆಯ ಸರಕು, ಅದರಲ್ಲಿ ನಮ್ಮ ತಾಲೂಕಿನದು ಎಷ್ಟು ಅಂತಲೂ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.