ಕಪ್ಪು ಪಟ್ಟಿಯ ಅರ್ಹತೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ತಂದೆತಾಯಿಯರು ಮಗುವನ್ನು ಕರಾಟೆಗೆ ಸೇರಿಸುವಾಗ ನನ್ನನ್ನು ಕೇಳುವುದುಂಟು: ಕಪ್ಪು ಪಟ್ಟಿ ಎಷ್ಟು ವರ್ಷಕ್ಕೆ ಬರುತ್ತದೆ?

ಗರಡಿಯವರಿಗೆ ಇದು ವಿಚಿತ್ರವಾದ ಪ್ರಶ್ನೆ. ಅಲ್ಲಿ ಪಟ್ಟಿಯಿಲ್ಲ, ಪ್ರಮಾಣಪತ್ರವಿಲ್ಲ. ಎದುರಾಳಿಯ ಬೆನ್ನಿಗೆ ಕೆಮ್ಮಣ್ಣು ಹತ್ತಿತೇ ಎಂಬುದೊಂದೇ ಲೆಕ್ಕ. ದರ್ಜೆಯ ಏರ್ಪಾಡು ಜಪಾನಿನದು. 1882ರಲ್ಲಿ ಜೂಡೋ ಶಾಲೆಯನ್ನು ತೆರೆದ ಜಿಗೊರೊ ಕಾನೊ ಅವರು ಪಳಗಿದ ಶಿಷ್ಯರನ್ನು ಗುರುತಿಸಲು ಕಪ್ಪು ಪಟ್ಟಿಯನ್ನು ಬಳಕೆಗೆ ತಂದರು. 1924ರಲ್ಲಿ ಗಿಚಿನ್ ಫುನಕೋಶಿ ಅವರು ಅದನ್ನು ಕರಾಟೆಗೂ ಅಳವಡಿಸಿದರು.

ಮೂಲ ಹೊಡೆತ-ತಡೆಗಳು, 'ಕಾತಾ' ಎಂಬ ಒಂಟಿ ವರಸೆ, 'ಕುಮಿತೆ' ಎಂಬ ಎದುರುಬದುರಿನ ಸೆಣಸು: ಈ ಮೂರರಲ್ಲಿಯೂ ಪರೀಕ್ಷಕರ ಮುಂದೆ ನಿಲ್ಲಬೇಕು. ನಿಷ್ಠೆಯಿಂದ ಕಲಿತರೂ ಸಾಮಾನ್ಯವಾಗಿ 4-5 ವರ್ಷ ಬೇಕು. ಮೂರರಲ್ಲಿ ಕಾತಾ ನನಗೆ ಪ್ರಿಯ. ಕಾಲು ತಪ್ಪಿದರೆ ದೂರಲು ಅಲ್ಲಿ ಎದುರಾಳಿಯೇ ಇರುವುದಿಲ್ಲ. ಇಷ್ಟೆಲ್ಲ ದಾಟಿ ಪಡೆದ ಪಟ್ಟಿಗೆ ಜಪಾನೀಯರು ಇಟ್ಟ ಹೆಸರು 'ಶೋದಾನ್', ಎಂದರೆ ಆರಂಭದ ದರ್ಜೆ!

ಎಂಟು ವರ್ಷದ ಕೂಸಿನ ನಡುವಿಗೆ ಎರಡೇ ವರ್ಷದಲ್ಲಿ ಅದನ್ನು ಬಿಗಿಯುವವರನ್ನು ಕಂಡರೆ ನನಗೆ ಅಳುಕು. ಬಾರದ ವಿದ್ಯೆಯನ್ನು ಬಂತೆಂದು ನಂಬಿ ಅದು ಬೀದಿಜಗಳಕ್ಕೆ ನುಗ್ಗಿದರೆ? ಟೇಕ್ವಾಂಡೋದವರು 15 ತುಂಬದವರಿಗೆ 'ಪೂಮ್' ಎಂಬ ಕೆಂಪು-ಕಪ್ಪು ಪಟ್ಟಿಯನ್ನು ಬೇರೆಯಾಗಿಯೇ ಇಟ್ಟಿರುವುದು ವಿವೇಕ.

ಆದ್ದರಿಂದ, ಶಾಲೆಯ ಹೊಸ್ತಿಲಲ್ಲಿ ವರ್ಷಗಳನ್ನು ಕೇಳಬೇಡಿ. ಹಿಂದಿನ ಪರೀಕ್ಷೆಯಲ್ಲಿ ಎಷ್ಟು ಮಂದಿ ಅನುತ್ತೀರ್ಣರಾದರೆಂದು ಕೇಳಿ.